ಬರೆಯದೆ ಉಳಿದ ಸಾಲು: ಬೋಳಾರದ ಒಂದು ಲೆಕ್ಕದ ಪುಸ್ತಕದ ಬಗ್ಗೆ ಟಿಪ್ಪಣಿ

ಈ ಟಿಪ್ಪಣಿಯ ಮುಖ್ಯ ಆಕರ ಇನ್ನೂರು ಪುಟಗಳ ಒಂದು ನೋಟ್‌ಬುಕ್. ಶಾಲೆ ಮಕ್ಕಳು ಬಳಸುವ ಗೆರೆಪುಸ್ತಕ. ರಟ್ಟಿನ ಮೇಲೆ ಎಣ್ಣೆಯ ಕಲೆಯಿದೆ. ಮೆಡಿಕಲ್ ಶಾಪಿನ ಬಿಲ್ಲುಗಳನ್ನು ಮಡಚಿ ನಡುನಡುವೆ ಸಿಕ್ಕಿಸಿದ್ದರಿಂದ ಪುಸ್ತಕ ಉಬ್ಬಿಕೊಂಡಿದೆ. ಮಂಗಳೂರಿನ ಬೋಳಾರದ ನಮ್ಮ ಮನೆಗೆ, ಪಾರ್ಶ್ವವಾಯು ಬಡಿದಿದ್ದ ಅಮ್ಮನನ್ನು ಆಸ್ಪತ್ರೆಯಿಂದ ಕರೆತಂದ ದಿನ ಅಕ್ಕ ಇದನ್ನು ಬರೆಯಲು ಶುರು ಮಾಡಿದಳು. ಇಪ್ಪತ್ತೆರಡು ತಿಂಗಳ ಲೆಕ್ಕ ಇದರಲ್ಲಿದೆ. ಎಡಕ್ಕೆ ತಾರೀಕು, ನಡುವೆ ಬಾಬ್ತು, ಬಲಕ್ಕೆ ರೂಪಾಯಿ. ‘ಡಯಾಪರ್ 2 ಪ್ಯಾಕ್’, ‘ಏರ್ ಬೆಡ್ ಬಾಡಿಗೆ’, ‘ಫಿಸಿಯೋ’, ‘ರಿಕ್ಷಾ, ವೆನ್‌ಲಾಕ್ ಹೋಗಿ ಬರಲು’, ‘ಹೋ.ನ.’ ಈ ಕೊನೆಯದು ಹೋಮ್ ನರ್ಸ್.

ಒಂದು ಮನೆಯ ಲೆಕ್ಕದಿಂದ ಊರಿನ ಸರಾಸರಿ ತೆಗೆಯಲು ಬರುವುದಿಲ್ಲ, ನಾನು ತೆಗೆಯುವುದೂ ಇಲ್ಲ. ಆದರೆ ಕಾನೂನಿನ ಪುಸ್ತಕ, ಪಿಂಚಣಿಯ ನಿಯಮ, ವಿಮೆಯ ಷರತ್ತು ಇವನ್ನೆಲ್ಲ ಈ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದರೆ, ಯಾವ ಸಾಲಿಗೆ ಎಲ್ಲಿಂದ ಹಣ ಬರುತ್ತದೆ, ಯಾವುದಕ್ಕೆ ಎಲ್ಲಿಂದಲೂ ಬರುವುದಿಲ್ಲ ಎಂಬುದು ತಿಳಿಯುತ್ತದೆ. ನಾನು ಮಾಡಿದ್ದು ಅಷ್ಟೇ ಕೆಲಸ.

ಮೊದಲು ಕಣ್ಣಿಗೆ ಬೀಳುವುದು ನಾಲ್ಕನೇ ತಿಂಗಳು ಮತ್ತು ಐದನೇ ತಿಂಗಳ ನಡುವಿನ ವ್ಯತ್ಯಾಸ. ನಾಲ್ಕನೇ ತಿಂಗಳ ಒಟ್ಟು ಮೊತ್ತ 39,400 ರೂಪಾಯಿ. ಐದನೆಯದು 17,150. ಔಷಧಿಯ ಸಾಲು ಇಳಿದಿಲ್ಲ, ಡಯಾಪರಿನ ಸಾಲೂ ಇಳಿದಿಲ್ಲ. ‘ಹೋ.ನ. 22,000’ ಎಂಬ ಸಾಲು ಮಾತ್ರ ಐದನೇ ತಿಂಗಳಿನಿಂದ ಇಲ್ಲ. ಆ ತಿಂಗಳ ಲೆಕ್ಕ ಫೋನಿನಲ್ಲಿ ಕೇಳಿ ಮುಂಬೈಯಲ್ಲಿರುವ ಅಣ್ಣ, “ಖರ್ಚು ಅರ್ಧಕ್ಕರ್ಧ ಕಮ್ಮಿ ಆಯ್ತಲ್ಲ, ಒಳ್ಳೇದಾಯ್ತು” ಎಂದಿದ್ದ. ಬೆಂಗಳೂರಿನಲ್ಲಿ ಕೂತು ಹಣ ಕಳಿಸುತ್ತಿದ್ದ ನಾನೂ ಹಾಗೆಯೇ ತಿಳಿದಿದ್ದೆ.

ಆ ತಿಂಗಳು ಅಕ್ಕ ಕೆಲಸ ಬಿಟ್ಟಿದ್ದಳು. ಹಂಪನಕಟ್ಟೆಯ ಒಂದು ಖಾಸಗಿ ಕಚೇರಿಯಲ್ಲಿ ಎಂಟು ವರ್ಷ ದುಡಿದವಳು ಅವಳು. ಸಂಬಳ ದೊಡ್ಡದಲ್ಲ, ಆದರೆ ಪಿ.ಎಫ್. ಇತ್ತು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಅರ್ಹತೆ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಅದಕ್ಕೆ ಮೊದಲೇ ಬಿಟ್ಟವರು ಒಂದು ಮೊತ್ತ ತೆಗೆದುಕೊಂಡು ಹೋಗಬಹುದು, ಇಲ್ಲವೇ ಯೋಜನಾ ಪ್ರಮಾಣಪತ್ರ ಪಡೆದು, ಮತ್ತೆ ಕೆಲಸಕ್ಕೆ ಸೇರಿದಾಗ ಹಳೆ ಸೇವೆಯನ್ನು ಜೋಡಿಸಿಕೊಳ್ಳಬಹುದು. ಐವತ್ತು ದಾಟಿದ ಹೆಂಗಸಿಗೆ ಮತ್ತೆ ಕೆಲಸ ಯಾರು ಕೊಡುತ್ತಾರೆ? ಅಮ್ಮನ ಮುಪ್ಪಿನ ಖರ್ಚಿನ ಒಂದು ಪಾಲು ಹೀಗೆ ಅಕ್ಕನ ಮುಪ್ಪಿನ ಮೇಲೆ ಸಾಲವಾಗಿ ಕೂತಿತು. ನೋಟ್‌ಬುಕ್ಕಿನಲ್ಲಿ ಇದು ಎಲ್ಲಿಯೂ ಇಲ್ಲ. ಬರೆದವಳು ಅವಳೇ ಆದ್ದರಿಂದ ಅವಳಿಗೂ ಅದು ಖರ್ಚೆಂದು ಕಂಡಿರಲಿಲ್ಲ.

ಈ ಸಾಲು ಎಂದಿನಿಂದ ಹೀಗೆ ಬರೆಯದೆ ಉಳಿದಿದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೊರಗಿನವರಿಗೆ ಬೋಳಾರ ಅಂದರೆ ಮಂಗಳಾದೇವಿ ದೇವಸ್ಥಾನ, ಹಳೆಕೋಟೆಯ ಮಾರಿಗುಡಿ. ಇಲ್ಲಿಯವರಿಗೆ ನೇತ್ರಾವತಿಯ ದಡ, ಮೀನಿನ ವ್ಯಾಪಾರ, ಹೆಂಚಿನ ಕಾರ್ಖಾನೆಯ ಚಿಮಣಿ. ಮೊಗವೀರರು, ಬಿಲ್ಲವರು, ಕ್ರೈಸ್ತರು, ಬ್ಯಾರಿಗಳು, ಕೊಂಕಣಿಗರು ಅಕ್ಕಪಕ್ಕದಲ್ಲಿ ಬಾಳಿದ ಜಾಗ. ಮೊಗವೀರರಲ್ಲೂ ಬಿಲ್ಲವರಲ್ಲೂ ಬಂಟರಲ್ಲಿದ್ದಂತೆ ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ, ನಡೆಯುತ್ತಿತ್ತು. ಆಸ್ತಿ ತಾಯಿಯ ಕಡೆಯಿಂದ ಇಳಿಯುವುದು. ಕುಟುಂಬದ ಆಸ್ತಿಯನ್ನು ಯಜಮಾನನೋ ಯಜಮಾನ್ತಿಯೋ ನೋಡಿಕೊಳ್ಳುವುದು, ಉಳಿದವರಿಗೆ ಅದರಿಂದ ಜೀವನಾಂಶ. ಎಲ್ಲರೂ ಒಪ್ಪದ ಹೊರತು ಒಬ್ಬ ಸದಸ್ಯ ಪಾಲು ಕೇಳುವಂತಿಲ್ಲ ಎಂದು 1863ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳಿಗೆ, ಅಂದರೆ ಕುಟುಂಬದ ಒಬ್ಬೊಬ್ಬ ಹೆಂಗಸಿನಿಂದ ಇಳಿದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಸಿಕ್ಕಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಸಂತಾನದ ಗಂಡಸಿನ ಪಾಲಿಗೂ ಅವನ ಹೆಂಡತಿ ಮಕ್ಕಳನ್ನು ವಾರಸುದಾರರನ್ನಾಗಿ ಮಾಡಿತು. ಅಲ್ಲಿಗೆ ಸೋದರಮಾವನ ಆಸ್ತಿಗೂ ಅಳಿಯನಿಗೂ ಇದ್ದ ಕೊಂಡಿ ಕಳಚಿತು.

ಮುಪ್ಪಿನ ದೃಷ್ಟಿಯಿಂದ ಈ ಕಟ್ಟಿನ ಅರ್ಥವೇನು? ಹೆಂಗಸು ತಾನು ಹುಟ್ಟಿದ ಕುಟುಂಬದ ಹಕ್ಕಿನ ಮೇಲೆಯೇ ಮುದುಕಿಯಾಗುತ್ತಿದ್ದಳು. ಅವಳನ್ನು ಮನೆಯಿಂದ ಹೊರಗೆ ಹಾಕುವ ಅಧಿಕಾರ ಯಾವ ಮಗನಿಗೂ ಇರಲಿಲ್ಲ. ಗಂಡಸಿಗೂ ಅಕ್ಕತಂಗಿಯರ ಮನೆಯಲ್ಲಿ ಊಟ ಮತ್ತು ಚಾಪೆಯ ಹಕ್ಕಿತ್ತು. ಆಸ್ತಿ ಅನುಭವಿಸುವವರು ಮುದುಕರನ್ನು ನೋಡಿಕೊಳ್ಳಬೇಕು ಎಂಬ ಲೆಕ್ಕ ಅಷ್ಟು ನೇರವಾಗಿತ್ತು. ಇದನ್ನು ಹೇಳುವಾಗ ಹಳೆಯ ಕಾಲವನ್ನು ಹಾಡಿ ಹೊಗಳುವವರ ಸಾಲಿಗೆ ಸೇರಲು ನನಗೆ ಇಷ್ಟವಿಲ್ಲ. ನಾನು ಓದಿದ ತೀರ್ಪುಗಳಲ್ಲಿ ಯಜಮಾನಿಕೆ, ಕವರು, ಜೀವನಾಂಶ, ಪಾಲು ಎಲ್ಲವೂ ಇವೆ. ಹಾಸಿಗೆ ಹಿಡಿದವರ ಬಟ್ಟೆ ಒಗೆದವರು ಯಾರೆಂದು ಒಂದರಲ್ಲೂ ಇಲ್ಲ. ಹಕ್ಕು ತಾಯಿಯ ಕಡೆಯಿಂದ ಬಂದರೂ ತಂದೆಯ ಕಡೆಯಿಂದ ಬಂದರೂ ಆ ಕೆಲಸ ಮನೆಯ ಒಬ್ಬ ಹೆಂಗಸಿನದಾಗಿತ್ತು, ಅದಕ್ಕೆ ಹೆಸರಿರಲಿಲ್ಲ.

ಇನ್ನು ಆದಾಯದ ಪುಟ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನದಿಯ ದಡದಲ್ಲಿ ಒಂದರ ಹಿಂದೊಂದು ಕಾರ್ಖಾನೆ ಎದ್ದವು. ಕುಟುಂಬದ ಗದ್ದೆಯ ಬದಲಿಗೆ ವಾರದ ಸಂಬಳ ಬಂತು. ನಮ್ಮ ತಂದೆ ಅಂಥ ಒಂದು ಕಾರ್ಖಾನೆಯಲ್ಲಿ ದುಡಿದವರು. ಅಮ್ಮ ಮನೆಯಲ್ಲೇ ಬೀಡಿ ಕಟ್ಟಿದವಳು. 1977ರಲ್ಲಿ ಬೀಡಿ ಉದ್ಯಮಕ್ಕೂ ಭವಿಷ್ಯನಿಧಿ ಕಾಯ್ದೆ ಅನ್ವಯವಾಯಿತು. ಮನೆಯಲ್ಲಿ ಕೂತು ಕಟ್ಟುವವರೂ ಅದರ ಒಳಗೇ ಬರುತ್ತಾರೆ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತುಳುನಾಡಿನ ಸಾವಿರಾರು ಹೆಂಗಸರಿಗೆ ತಮ್ಮ ಹೆಸರಿನಲ್ಲೇ ಒಂದು ಪಿಂಚಣಿ ಬರುವಂತಾದದ್ದು ಈ ತೀರ್ಪಿನ ಬಲದಿಂದ. ಆದರೆ ಎಷ್ಟು? 2014ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಕಡಿಮೆ ಕೂಲಿಯ ಮೇಲೆ ವಂತಿಗೆ ಕಟ್ಟಿದವರು ಆ ಕನಿಷ್ಠದ ಆಚೀಚೆಯೇ ಇರುತ್ತಾರೆ.

ಇಲ್ಲೊಂದು ಸಣ್ಣ ನಿಯಮವಿದೆ. 2007ರಲ್ಲಿ ಶುರುವಾದ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ಈಗ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಬೇರೆ ಯಾವುದೇ ಪಿಂಚಣಿ ಇದ್ದವರಿಗೆ ಅದು ಇಲ್ಲ. ಜೀವಮಾನವಿಡೀ ಬೀಡಿ ಕಟ್ಟಿ ಸಾವಿರ ರೂಪಾಯಿ ಗಳಿಸಿದವಳಿಗೆ, ಆ ಸಾವಿರದ ಕಾರಣಕ್ಕೇ ಸಾವಿರದಿನ್ನೂರು ತಪ್ಪುತ್ತದೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ಸರ್ಕಾರ ಕನಿಷ್ಠಪಕ್ಷ ವ್ಯತ್ಯಾಸದ ಹಣವನ್ನಾದರೂ ಕೊಡಬೇಕು.

2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ಆದರೆ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಮಂಗಳಾದೇವಿಯಿಂದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಔಷಧಿ ತರಲು ಹೋಗುವ ಅಕ್ಕನ ಟಿಕೆಟಿನ ದುಡ್ಡು ನೋಟ್‌ಬುಕ್ಕಿನಲ್ಲಿ ಹಾಗೆಯೇ ಇದೆ.

ಈಗ ವಿಮೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ಇವು ದೊಡ್ಡ ಮೊತ್ತಗಳೇ. 1848ರಷ್ಟು ಹಳೆಯದಾದ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಬೋಳಾರದಿಂದ ರಿಕ್ಷಾದಲ್ಲಿ ಸ್ವಲ್ಪ ಹೊತ್ತಿನ ದಾರಿ. 1880ರಲ್ಲಿ ಶುರುವಾದ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯೂ ಹತ್ತಿರವೇ. ಆಸ್ಪತ್ರೆಗಳಿಗೆ ಕೊರತೆಯಿಲ್ಲದ ಊರು ಇದು. ಆದರೆ ಇಪ್ಪತ್ತೆರಡು ತಿಂಗಳಲ್ಲಿ ಅಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದು ಹತ್ತೊಂಬತ್ತು ದಿನ. ಉಳಿದ ದಿನಗಳೆಲ್ಲ ಮನೆಯ ಮಂಚದ ಮೇಲೆ. ವಿಮೆಗಳು ದಾಖಲಾದ ರೋಗಿಯನ್ನು ನೋಡುತ್ತವೆ. ಡಿಸ್ಚಾರ್ಜ್ ಆಗಿ ಬಂದವಳ ಡಯಾಪರು, ಏರ್ ಬೆಡ್ಡು, ರಾತ್ರಿ ಎಬ್ಬಿಸಿ ಕೂರಿಸುವ ಕೈ ಅವುಗಳ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಲೆಕ್ಕದ ಹೆಚ್ಚಿನ ಭಾರ ಇದ್ದದ್ದು ಈ ಮಂಚದ ಮೇಲೆಯೇ.

ಕಾನೂನು ಏನು ಹೇಳುತ್ತದೆ? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ, ಓದಿದವರು ಕಡಿಮೆ. ಅದರಲ್ಲಿ ‘ಮಕ್ಕಳು’ ಎಂದರೆ ಪ್ರಾಯಕ್ಕೆ ಬಂದ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಮದುವೆಯಾದ ಮಗಳೂ ಸೇರುತ್ತಾಳೆ. ಸೊಸೆ, ಅಳಿಯ ಆ ಪಟ್ಟಿಯಲ್ಲಿಲ್ಲ. ಅವರನ್ನೂ ಸೇರಿಸುವ, ಪೋಷಣೆಯ ಮೊತ್ತಕ್ಕಿರುವ ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನು ತೆಗೆಯುವ ತಿದ್ದುಪಡಿ ಮಸೂದೆ 2019ರಲ್ಲಿ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ. ಮಕ್ಕಳಿಲ್ಲದ ಹಿರಿಯರಿಗೆ ‘ಸಂಬಂಧಿ’ ಎಂಬ ಇನ್ನೊಂದು ಪದವಿದೆ. ಆ ಹಿರಿಯರ ಆಸ್ತಿ ಯಾರ ಕೈಯಲ್ಲಿದೆಯೋ, ಅವರ ನಂತರ ಯಾರಿಗೆ ಬರಲಿದೆಯೋ ಆ ವಾರಸುದಾರ. ಒಬ್ಬರಿಗಿಂತ ಹೆಚ್ಚಿದ್ದರೆ ಆಸ್ತಿ ಸಿಗುವ ಪ್ರಮಾಣದಲ್ಲೇ ಪೋಷಣೆಯ ಹೊಣೆಯೂ ಹಂಚಿಹೋಗುತ್ತದೆ. ಇದನ್ನು ಓದಿದಾಗ ನನಗೆ ಅಳಿಯಕಟ್ಟು ನೆನಪಾಯಿತು. ಆಸ್ತಿ ಉಣ್ಣುವವನು ಮುದುಕರನ್ನು ನೋಡಬೇಕು ಎಂಬ ಹಳೆಯ ತತ್ತ್ವವನ್ನು, ತುಳುನಾಡಿನ ಕಟ್ಟಿನ ಪರಿಚಯವೇ ಬೇಡದ ಕಾಯ್ದೆಯೊಂದು ಮತ್ತೆ ಬರೆದಿತ್ತು.

ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಯ ಮುಂದೆ. ದಕ್ಷಿಣ ಕನ್ನಡದಲ್ಲಿ ಮಂಗಳೂರು, ಪುತ್ತೂರು ಎಂದು ಎರಡು ಉಪವಿಭಾಗ. ನೋಟಿಸು ತಲುಪಿದ ತೊಂಬತ್ತು ದಿನದೊಳಗೆ ತೀರ್ಮಾನವಾಗಬೇಕು, ವಿಶೇಷ ಸಂದರ್ಭದಲ್ಲಿ ಇನ್ನೂ ಮೂವತ್ತು ದಿನ. ಕಾಯ್ದೆಯ ಲೆಕ್ಕದಲ್ಲಿ ಪೋಷಣೆ ಅಂದರೆ ಅನ್ನ, ಬಟ್ಟೆ, ವಾಸ, ವೈದ್ಯಕೀಯ ಆರೈಕೆ. 2007ರಲ್ಲಿ ಹತ್ತು ಸಾವಿರಕ್ಕೆ ಒಂದು ಬೆಲೆಯಿತ್ತು. ಇವತ್ತು ನಮ್ಮ ನೋಟ್‌ಬುಕ್ಕಿನ ಪ್ರಕಾರ ಅದು ಹೋಮ್ ನರ್ಸಿನ ಅರ್ಧ ತಿಂಗಳು.

ಬೋಳಾರದಂಥ ಜಾಗದಲ್ಲಿ ಮುದುಕರ ಕೈಯಲ್ಲಿ ನಗದು ಇರುವುದಿಲ್ಲ, ಕಾಲಡಿಯ ನೆಲ ಇರುತ್ತದೆ. ಅದೂ ಕೆಲವರದು ಮೂಲಗೇಣಿ, ಅಂದರೆ ಕಾಯಂ ಗೇಣಿಯ ನೆಲ. ಹತ್ತು ಸೆಂಟ್ಸಿನ ಬೆಲೆ ಏರಿದಂತೆ ‘ಬರೆದುಕೊಡಿ, ಕೊನೆವರೆಗೆ ನೋಡಿಕೊಳ್ಳುತ್ತೇವೆ’ ಎಂಬ ಮಾತು ಮನೆಮನೆಯಲ್ಲಿ ಕೇಳುತ್ತದೆ. ಇಲ್ಲಿ ಕಾಯ್ದೆಯ 23ನೇ ಕಲಮನ್ನು ಎಚ್ಚರದಿಂದ ಓದಬೇಕು. ಮೂಲಭೂತ ಸೌಕರ್ಯ ಒದಗಿಸುತ್ತೇನೆ ಎಂಬ ಷರತ್ತಿನ ಮೇಲೆ ದಾನಪತ್ರ ಮಾಡಿಸಿಕೊಂಡವರು ಮಾತು ತಪ್ಪಿದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಅಂಥ ಷರತ್ತು ಇತ್ತೆಂದು ತೋರಿಸದೆ ಈ ಕಲಮಿನ ರಕ್ಷಣೆ ಸಿಗದು ಎಂದು 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟ್, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಎಂದು ತಾಯಿಗೆ ಆಸ್ತಿಯನ್ನು ಮರಳಿ ಕೊಡಿಸಿತು. ಅಲ್ಲಿ ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟ ಒಂದು ಮುಚ್ಚಳಿಕೆಯಿತ್ತು. ಎರಡು ತೀರ್ಪನ್ನೂ ಓದಿದ ಮೇಲೆ ನಾನು ಬಂಧುಗಳಿಗೆ ಹೇಳುವುದು ಇಷ್ಟು: ಆದಷ್ಟು ಮಟ್ಟಿಗೆ ವೀಲುನಾಮೆ ಸಾಕು, ಅದನ್ನು ಬದುಕಿರುವವರೆಗೆ ಬದಲಿಸಬಹುದು. ದಾನಪತ್ರ ಮಾಡಲೇಬೇಕಾದರೆ ನೋಡಿಕೊಳ್ಳುವ ಷರತ್ತು ಆ ಪತ್ರದೊಳಗೇ ಅಕ್ಷರದಲ್ಲಿ ಇರಲಿ.

ಸೊಸೆಯ ಮಾತು ಬಂದದ್ದರಿಂದ ಇನ್ನೊಂದು. ಈ ಕಾಯ್ದೆಯನ್ನು ಸೊಸೆಯನ್ನು ಮನೆಯಿಂದ ಹೊರಗೆ ಹಾಕಲು ಬಳಸಿದ ಪ್ರಸಂಗಗಳೂ ಇವೆ. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ, 2020ರ ಡಿಸೆಂಬರಿನಲ್ಲಿ, ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಹೆಂಗಸಿಗಿರುವ ವಾಸದ ಹಕ್ಕನ್ನು ಹಿರಿಯ ನಾಗರಿಕರ ಕಾಯ್ದೆಯ ಚುಟುಕು ವಿಚಾರಣೆಯಲ್ಲಿ ಅಳಿಸಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ನ್ಯಾಯವಾದ ಮಾತು. ಮುದುಕರ ಹಕ್ಕಿಗಾಗಿ ಅವರನ್ನು ತೊಳೆದು ಬಳಿದವಳ ಹಕ್ಕನ್ನು ಬಲಿಕೊಡುವುದು ಯಾವ ನ್ಯಾಯ?

ಇನ್ನು ಬ್ಯಾಂಕು. ಉಡುಪಿಯೂ ಸೇರಿದ್ದ ಹಳೆಯ ಅವಿಭಜಿತ ಜಿಲ್ಲೆ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1931ರಲ್ಲಿ ವಿಜಯಾ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ತಂದ ಪಿಗ್ಮಿಯಿಂದ ಮನೆಬಾಗಿಲಿಗೆ ಬಂದು ದಿನಕ್ಕೆರಡಾಣೆ ಒಯ್ಯುವ ಪದ್ಧತಿ ಬೆಳೆಯಿತು. ಅಮ್ಮನೂ ಪಿಗ್ಮಿ ಕಟ್ಟಿದವಳೇ. ಕಾರ್ಪೊರೇಶನ್ ಬ್ಯಾಂಕಿನ ಪ್ರಧಾನ ಕಚೇರಿ ನಮ್ಮ ಮಂಗಳಾದೇವಿ ರಸ್ತೆಯಲ್ಲೇ ಇತ್ತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದಾಗ ಎಷ್ಟೋ ಮುದುಕರ ಪಾಸ್‌ಬುಕ್ಕಿನ ಹೆಸರು ಬದಲಾಯಿತು. ಪೆಟ್ಟಿಗೆಯ ತಳದಲ್ಲಿ ಉಳಿದ ಹಳೆ ಪಾಸ್‌ಬುಕ್ಕುಗಳ ಹಣ ಹತ್ತು ವರ್ಷ ಯಾರೂ ಮುಟ್ಟದಿದ್ದರೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಹಕ್ಕು ಹೋಗುವುದಿಲ್ಲ. 2023ರಲ್ಲಿ ಬಂದ ಉದ್ಗಮ್ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಬಹುದು.

ನಮಗೆ ತೊಡಕಾದದ್ದು ಸಹಿ. ಇಪ್ಪತ್ತೈದು ವರ್ಷದ ಹಿಂದೆ ಅಮ್ಮ ಬ್ಯಾಂಕಿಗೆ ಕೊಟ್ಟ ಮಾದರಿ ಸಹಿಯಲ್ಲಿ ಪ್ರತಿ ಅಕ್ಷರವೂ ಬೇರೆಬೇರೆಯಾಗಿ, ಬಿಡಿಸಿದ ಹೂವಿನ ಹಾಗೆ ಇದೆ. ಈಗ ಬಲಗೈ ಏಳುವುದಿಲ್ಲ. ಅಕ್ಕ ಎಡಗೈಗೆ ಪೆನ್ನು ಕೊಟ್ಟು ರಟ್ಟು ಹಿಡಿದಳು, ಅಮ್ಮ ಬರೆದಳು. ಮೊದಲ ಅಕ್ಷರದ ತಲೆಕಟ್ಟು ಬಂತು, ಆಮೇಲೆ ಗೆರೆ ಕಾಗದದ ಅಂಚಿನವರೆಗೆ ಜಾರಿಹೋಯಿತು. ಚೆಕ್ಕು ವಾಪಸಾಯಿತು. ನಾನು ಹೆಸರು ಹೇಳಲು ಇಷ್ಟಪಡದ ಆ ಶಾಖೆಯಲ್ಲಿ, “ಪೇಶೆಂಟನ್ನು ಕರಕೊಂಡು ಬನ್ನಿ” ಎಂದರು. ಕೈಯಾಡದ ಗ್ರಾಹಕರ ಹೆಬ್ಬೆರಳಿನ ಗುರುತನ್ನು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತನ್ನು, ಇಬ್ಬರು ಸಾಕ್ಷಿಗಳ ಮುಂದೆ ಸ್ವೀಕರಿಸಬೇಕು, ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ಬಂದು ಸೇವೆ ಕೊಡಬೇಕೆಂಬ ಸೂಚನೆ 2017ರಿಂದಲೇ ಇದೆ. ನಾವು ಅದನ್ನು ಮುದ್ರಿಸಿ ಒಯ್ದು ತೋರಿಸಬೇಕಾಯಿತು. ಮರುದಿನ ಅಧಿಕಾರಿಯೊಬ್ಬರು ಮನೆಗೆ ಬಂದರು, ಬಂದವರು ಅಮ್ಮನೊಡನೆ ತುಳುವಿನಲ್ಲಿ ಬಹಳ ಮೃದುವಾಗಿ ಮಾತಾಡಿದರು.

ಪವರ್ ಆಫ್ ಅಟಾರ್ನಿ ಇದ್ದರೆ ಸಾಕೆಂದು ಹಲವರು ನಂಬುತ್ತಾರೆ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಸ್ಥವಿಲ್ಲದಂತಾದ ದಿನ ಆ ಅಧಿಕಾರ ಮುಗಿಯುತ್ತದೆ. ಮರೆವಿನ ರೋಗ ಬಂದ ಮೇಲೆ, ಅಂದರೆ ನಿಜವಾಗಿ ಬೇಕಾದಾಗ, ಅದು ಕೈಕೊಡುತ್ತದೆ. ಹಾಗಾಗಿ ಖಾತೆಯನ್ನು ಜಂಟಿ ಮಾಡುವುದು, ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂದು ಬರೆಸುವುದು, ನಾಮಿನಿ ಹಾಕುವುದು, ಇವೆಲ್ಲ ಕೈ ಗಟ್ಟಿಯಿರುವಾಗ ಆಗಬೇಕಾದ ಕೆಲಸ. ತುಸು ಹಣವಿದ್ದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ. 2023ರಿಂದ ಅದರ ಮಿತಿ 30 ಲಕ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ. ಅಮ್ಮನ ಪಿಗ್ಮಿ ಅಷ್ಟು ದೂರ ಹೋಗಲಿಲ್ಲ.

ಮತ್ತೆ ಆ ಬಿಟ್ಟುಹೋದ ಸಾಲಿಗೆ ಬರುತ್ತೇನೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇ. 21.4, ಸುಮಾರು 74 ನಿಮಿಷ. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆ, ಹಾಗಾಗಿ ಮುಪ್ಪಿನ ಲೆಕ್ಕಕ್ಕೆ ಇದನ್ನು ನೇರವಾಗಿ ಎಳೆದು ತರಬಾರದು. ಆದರೂ ನಿಮಿಷದಲ್ಲಿ ಅಳೆಯಬಹುದಾದ ಕೆಲಸ ಇದು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಅಳೆಯಬಹುದಾದರೆ ಬರೆಯಬಹುದು. ಬರೆದರೆ ಅಣ್ಣತಮ್ಮಂದಿರ ನಡುವೆ ಹಂಚಬಹುದು.

ಕಳೆದ ನವರಾತ್ರಿಗೆ ಅಣ್ಣ ಊರಿಗೆ ಬಂದಿದ್ದಾಗ ಮೂವರೂ ಕೂತೆವು. ಬಾಬ್ತುಗಳನ್ನು ಒಂದೊಂದಾಗಿ ಓದಿದೆವು. ನಾಲ್ಕನೇ ತಿಂಗಳ ಪುಟ ಬಂದಾಗ ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ನಿನ್ನದು ಇದರಲ್ಲಿ ಎಲ್ಲಿದೆ?” ಎಂದು ಅಕ್ಕನನ್ನು ಕೇಳಿದ. “ನನ್ನದೆಂತ ಬರೆಯುವುದು?” ಎಂದಳು ಅವಳು. ಹೋಮ್ ನರ್ಸಿಗೆ ಕೊಡುತ್ತಿದ್ದಷ್ಟನ್ನು ನಾವಿಬ್ಬರೂ ಸೇರಿ ತಿಂಗಳ ಮೊದಲ ವಾರ ಅವಳ ಸ್ವಂತ ಖಾತೆಗೆ ಹಾಕುವುದು, ಅಮ್ಮನ ಖರ್ಚು ಅದಕ್ಕೆ ಸೇರದಂತೆ ಬೇರೆ ಇಡುವುದು, ವರ್ಷಕ್ಕೆ ಎರಡು ಸಲ ಹದಿನೈದು ದಿನ ನಮ್ಮಲ್ಲಿ ಒಬ್ಬರು ಬಂದು ಅವಳನ್ನು ಬಿಡಿಸುವುದು ಎಂದು ಒಂದು ಕಾಗದ ಬರೆದು ಮೂವರೂ ಸಹಿ ಹಾಕಿದೆವು. ರಿಜಿಸ್ಟರ್ ಮಾಡಿಸಿಲ್ಲ. ಅದಕ್ಕೆ ಕೋರ್ಟಿನಲ್ಲಿ ಎಷ್ಟು ಬೆಲೆ ಎಂಬುದು ಬೇರೆ ಮಾತು. ಅಮ್ಮನ ವೀಲುನಾಮೆಯಲ್ಲಿ ಮನೆಯ ಪಾಲಿನ ವಿಷಯವೂ ಬರಬೇಕೆಂದು ಅಣ್ಣನೇ ಹೇಳಿದ. ಅದು ಅಮ್ಮ ತೀರ್ಮಾನಿಸಬೇಕಾದದ್ದು, ಅವಳಿಗೆ ಈಗಲೂ ಎಲ್ಲ ತಿಳಿಯುತ್ತದೆ.

ನೋಟ್‌ಬುಕ್ಕಿಗೆ ಅಕ್ಕ ಅಂದಿನಿಂದ ಇನ್ನೊಂದು ಗೆರೆ ಎಳೆದಿದ್ದಾಳೆ. ರೂಪಾಯಿಯ ಬಲಕ್ಕೆ ಸಪೂರದ ಒಂದು ಕಾಲಂ. ಮೊದಲ ದಿನ ಅದರಲ್ಲಿ ಏನು ಬರೆಯಬೇಕೆಂದು ಅವಳಿಗೆ ಗೊತ್ತಾಗಿಲ್ಲ, ಒಂದು ಚುಕ್ಕೆ ಮಾತ್ರ ಇದೆ. ಎರಡನೇ ದಿನದ ಬರಹ ಹೀಗಿದೆ: ‘ರಾತ್ರಿ 12, 2, 4 ಗಂಟೆ. ಮಗ್ಗುಲು ಬದಲಿಸಿದ್ದು.’